ಕಣಿವೆಯ ಹೊಗೆಗೆ ಲೆಕ್ಕ: ಕೊಡಗಿನಲ್ಲಿ ವಾಯು ಪ್ರಸರಣ ಮಾದರಿಯನ್ನು ಕಟ್ಟುವ ಕ್ರಮ

ಡಿಸೆಂಬರ್ ತಿಂಗಳ ಬೆಳಿಗ್ಗೆ ಆರೂವರೆಗೆ ಕೊಡಗಿನ ಯಾವುದಾದರೂ ಗದ್ದೆಬಯಲಿನ ಅಂಚಿನಲ್ಲಿ ನಿಂತು ನೋಡಿ. ಎದುರು ಬದಿಯ ಲೈನ್‌ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಒಲೆಯಿಂದ ಏಳುವ ಹೊಗೆ ಸಿಲ್ವರ್ ಮರಗಳ ತುದಿಯವರೆಗೆ ನೇರವಾಗಿ ಹೋಗಿ, ಅಲ್ಲಿ ಯಾರೋ ಕೈ ಅಡ್ಡ ಹಿಡಿದಂತೆ ನಿಂತು, ಚಾಪೆ ಹಾಸಿದ ಹಾಗೆ ಕಣಿವೆಯ ಉದ್ದಕ್ಕೂ ಹರಡಿಕೊಳ್ಳುತ್ತದೆ. ಬಿಸಿಲು ಗದ್ದೆಗೆ ಇಳಿಯುವ ಒಂಬತ್ತು ಗಂಟೆಯ ಹೊತ್ತಿಗೆ ಆ ಚಾಪೆ ಒಡೆದು ಹೊಗೆಯ ವಾಸನೆ ಒಮ್ಮೆಲೇ ನೆಲಕ್ಕೆ ಬರುತ್ತದೆ. ಹತ್ತು ಗಂಟೆಗೆ ನೋಡಿದರೆ ಏನೂ ಉಳಿದಿರುವುದಿಲ್ಲ. ವಾಯು ಪ್ರಸರಣ ಮಾದರಿ ಎಂದರೆ ಬೆಳಗಿನ ಈ ಕೆಲವು ಗಂಟೆಗಳಲ್ಲಿ ನಡೆಯುವುದನ್ನು ಅಂಕಿಗಳಲ್ಲಿ ಹಿಡಿಯುವ ವಿದ್ಯೆ.

ಪರಿಸರ ಸಲಹಾ ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರುವ ಎಂಜಿನಿಯರುಗಳನ್ನು, ಪರಿಸರ ವಿಜ್ಞಾನದ ವಿದ್ಯಾರ್ಥಿಗಳನ್ನು, ಮತ್ತು ಇಂಥ ವರದಿಗಳನ್ನು ಓದಿ ಅಭಿಪ್ರಾಯ ಹೇಳಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಬಯಲುಸೀಮೆಯಲ್ಲಿ ಕಲಿತ ಕ್ರಮವನ್ನು ಹಾಗೆಯೇ ಬೆಟ್ಟದ ಜಿಲ್ಲೆಗೆ ತಂದರೆ ಏನು ತಪ್ಪುತ್ತದೆ ಎಂಬುದೇ ಇದರ ಮುಖ್ಯ ವಿಷಯ. ಕೊಡಗಿನಲ್ಲಿ ಉತ್ತರವನ್ನು ನಿರ್ಧರಿಸುವುದು ನಾವು ತುಂಬಿಸುವ ಎರಡು ಕಡತಗಳು: ಒಂದು ನೆಲದ್ದು, ಇನ್ನೊಂದು ಹವೆಯದು. ಯಾವ ಸಾಫ್ಟ್‌ವೇರ್ ಬಳಸಿದಿರಿ ಎಂಬ ಪ್ರಶ್ನೆ ಅವೆರಡರ ನಂತರ ಬರುತ್ತದೆ.

ಮೊದಲು ಪ್ರಶ್ನೆಯನ್ನು ಬರೆದಿಡಿ

ಜಿಲ್ಲೆಯಲ್ಲಿ ಈ ಕೆಲಸ ಸಾಮಾನ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. ಕಲ್ಲುಗಣಿಯಂಥ ಯೋಜನೆಗೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ ಪೂರ್ವ ಅನುಮತಿ ಬೇಕು. ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಹದಗೊಳಿಸುವ ಕಾರ್ಖಾನೆಯ) ಬಾಯ್ಲರ್, ಡಾಂಬರು ಮಿಶ್ರಣ ಘಟಕ, ಜಲ್ಲಿ ಕ್ರಷರ್ ಮುಂತಾದವು 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಪಡೆಯಬೇಕು. ಎರಡನೆಯ ದಾರಿಯಲ್ಲಿ ಸಣ್ಣ ಘಟಕಕ್ಕೆ ಮಾದರಿಯ ಲೆಕ್ಕವನ್ನು ಯಾರೂ ಕೇಳದೇ ಇರಬಹುದು. ಆದರೂ ಚಿಮಣಿಯ ಜಾಗ ಗೊತ್ತುಪಡಿಸುವ ಮೊದಲು ಒಂದು ದಿನದ ಲೆಕ್ಕ ಮಾಡಿಕೊಂಡರೆ ಮುಂದಿನ ಹತ್ತು ವರ್ಷಗಳ ತಕರಾರು ತಪ್ಪುತ್ತದೆ ಎಂದು ನಾನು ನಂಬಿದ್ದೇನೆ.

ಹೋಲಿಕೆಗೆ ಇಟ್ಟುಕೊಳ್ಳಬೇಕಾದ ಅಳತೆಗೋಲು 2009ರ ನವೆಂಬರ್ 18ರಂದು ಅಧಿಸೂಚಿತವಾದ ರಾಷ್ಟ್ರೀಯ ಪರಿವೇಷ್ಟಕ (ಸುತ್ತಲಿನ) ವಾಯು ಗುಣಮಟ್ಟದ ಮಾನಕ. ಅದರ ಪ್ರಕಾರ ಪಿಎಂ10ಕ್ಕೆ (10 ಮೈಕ್ರಾನ್‌ವರೆಗಿನ ಗಾತ್ರದ ಕಣಗಳಿಗೆ) 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ವಾರ್ಷಿಕ ಮಿತಿ 60, ಇನ್ನೂ ಸಣ್ಣ, 2.5 ಮೈಕ್ರಾನ್‌ವರೆಗಿನ ಪಿಎಂ2.5ಕ್ಕೆ ಅವು ಕ್ರಮವಾಗಿ 60 ಮತ್ತು 40. ಸಲ್ಫರ್ ಡೈಆಕ್ಸೈಡ್‌ಗೆ ದಿನದ ಮಿತಿ 80, ವಾರ್ಷಿಕ 50. ನೈಟ್ರೋಜನ್ ಡೈಆಕ್ಸೈಡ್‌ಗೆ 80 ಮತ್ತು 40. ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ಪ್ರದೇಶವೆಂದು ಅಧಿಸೂಚಿಸಿದ ಕಡೆ ಈ ಎರಡು ಅನಿಲಗಳ ವಾರ್ಷಿಕ ಮಿತಿ 20 ಮತ್ತು 30ಕ್ಕೆ ಇಳಿಯುತ್ತದೆ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅರಣ್ಯಗಳ ನಡುವೆ ಇರುವ ಜಿಲ್ಲೆಯಲ್ಲಿ ಯೋಜನೆಯ ಜಾಗ ಯಾವ ಗಡಿಯ ಒಳಗೆ ಬೀಳುತ್ತದೆ ಎಂಬುದನ್ನು ಮೊದಲ ದಿನವೇ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ದಿನದ ಮಿತಿಯನ್ನು ವರ್ಷದ ಶೇ. 98ರಷ್ಟು ಕಾಲ ಪಾಲಿಸಬೇಕು, ಉಳಿದ ಶೇ. 2ರಲ್ಲಿ ಮೀರಿದರೂ ಸತತ ಎರಡು ದಿನ ಮೀರುವಂತಿಲ್ಲ ಎಂಬ ಷರತ್ತನ್ನು ಮರೆಯಬೇಡಿ. ಫಲಿತಾಂಶವನ್ನು ಓದುವಾಗ ಅದು ಮತ್ತೆ ಬರುತ್ತದೆ.

ಇಷ್ಟಾದ ಮೇಲೆ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯಿರಿ: ಯಾವ ಮೂಲದಿಂದ, ಯಾವ ಋತುವಿನಲ್ಲಿ, ಯಾರ ಮನೆಯ ಬಳಿ, ಎಷ್ಟು ಗಂಟೆಗಳ ಸರಾಸರಿಯಲ್ಲಿ, ಯಾವ ಮಾಲಿನ್ಯಕಾರಕ ಎಷ್ಟು ಹೆಚ್ಚುತ್ತದೆ? ಈ ಐದರಲ್ಲಿ ಒಂದನ್ನು ಬಿಟ್ಟರೂ ಕೊನೆಯಲ್ಲಿ ಬರುವ ಬಣ್ಣದ ನಕ್ಷೆಗೆ ಅರ್ಥವಿರುವುದಿಲ್ಲ.

ಮೂಲದ ಲೆಕ್ಕ

ಕುಶಾಲನಗರದ ಕಡೆ, ಸಮುದ್ರಮಟ್ಟದಿಂದ 830 ಮೀಟರ್ ಎತ್ತರದ ಜಾಗದಲ್ಲಿ, ಕಾಫಿ ಹೊಟ್ಟು ಉರಿಸುವ ಸಣ್ಣ ಬಾಯ್ಲರ್ ಒಂದಿದೆ ಎಂದು ಇಟ್ಟುಕೊಳ್ಳೋಣ. ಚಿಮಣಿಯ ಎತ್ತರ 30 ಮೀಟರ್, ಒಳವ್ಯಾಸ ಅರ್ಧ ಮೀಟರ್, ಹೊಗೆ ಹೊರಬೀಳುವ ವೇಗ ಸೆಕೆಂಡಿಗೆ 8 ಮೀಟರ್, ಉಷ್ಣತೆ 140 ಡಿಗ್ರಿ ಸೆಲ್ಸಿಯಸ್, ಅಳೆದು ಬಂದ ಕಣಗಳ ಸಾಂದ್ರತೆ ಸಾಮಾನ್ಯ ಘನ ಮೀಟರಿಗೆ 150 ಮಿಲಿಗ್ರಾಂ.

ಬಾಯಿಯ ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಸೆಕೆಂಡಿಗೆ 1.57 ಘನ ಮೀಟರ್ ಹೊಗೆ ಬರುತ್ತದೆ. ಇದು 140 ಡಿಗ್ರಿಯ ಬಿಸಿ ಹೊಗೆ. ಪ್ರಯೋಗಾಲಯ ಕೊಟ್ಟ 150 ಮಿಲಿಗ್ರಾಂ ಎಂಬ ಅಂಕಿ 25 ಡಿಗ್ರಿ ಉಷ್ಣತೆಗೂ ಸಮುದ್ರಮಟ್ಟದ ಒತ್ತಡಕ್ಕೂ ಸರಿಹೊಂದಿಸಿದ್ದು. ಆದ್ದರಿಂದ 298ನ್ನು 413ರಿಂದ ಭಾಗಿಸಿ ಬಂದುದರಿಂದ ಗುಣಿಸಬೇಕು, ಆಗ 1.13 ಆಗುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 830 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 91 ಮಾತ್ರ ಇರುತ್ತದೆ. ಮಡಿಕೇರಿಯ ಎತ್ತರಕ್ಕೆ ಹೋದರೆ ಶೇ. 87ರ ಆಸುಪಾಸಿಗೆ ಇಳಿಯುತ್ತದೆ. ಅದನ್ನೂ ಸೇರಿಸಿದಾಗ ಹರಿವು ಸೆಕೆಂಡಿಗೆ 1.03 ಸಾಮಾನ್ಯ ಘನ ಮೀಟರ್, ಹೊರಸೂಸುವಿಕೆ ಸೆಕೆಂಡಿಗೆ 0.155 ಗ್ರಾಂ. ಒತ್ತಡದ ತಿದ್ದುಪಡಿಯನ್ನು ಬಿಟ್ಟಿದ್ದರೆ ಮೂಲವೇ ಶೇ. 10ರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕರಾವಳಿಯಲ್ಲಿ ಲೆಕ್ಕಕ್ಕೇ ಬಾರದ ಈ ತಿದ್ದುಪಡಿ ಇಲ್ಲಿ ಕಡ್ಡಾಯ.

ಕ್ರಷರ್‌ನ ಧೂಳಿಗೆ ಚಿಮಣಿ ಇಲ್ಲ. ಅದನ್ನು ಘನಾಕಾರದ ಮೂಲವೆಂದು ಮಾದರಿಗೆ ಕೊಡಬೇಕು. ಒಂಟಿ ಮೂಲವಾದರೆ ಬದಿಯ ಉದ್ದವನ್ನು 4.3ರಿಂದ, ನೆಲದಿಂದಲೇ ಏಳುವ ಮೂಲವಾದರೆ ಎತ್ತರವನ್ನು 2.15ರಿಂದ ಭಾಗಿಸಿ ಆರಂಭದ ಹರಡುವಿಕೆಯನ್ನು ಕಂಡುಕೊಳ್ಳುತ್ತಾರೆ. ಗಣಿಯಿಂದ ಕ್ರಷರ್‌ಗೆ ಟಿಪ್ಪರ್ ಓಡುವ ಮಣ್ಣಿನ ರಸ್ತೆಯನ್ನು ಬಿಡಬೇಡಿ; ಒಣ ತಿಂಗಳುಗಳಲ್ಲಿ ಅದರ ಧೂಳೇ ಯಂತ್ರದ ಧೂಳಿಗಿಂತ ಮುಂದೆ ಹೋಗಬಹುದು. ಡೀಸೆಲ್ ಜನರೇಟರ್ ಇದ್ದರೆ ಅದರ ಕೊಳವೆ ಕಟ್ಟಡದ ಎತ್ತರಕ್ಕಿಂತ ಕೆವಿಎ ಸಾಮರ್ಥ್ಯದ ವರ್ಗಮೂಲದ 0.2 ಪಟ್ಟು ಮೇಲಿರಬೇಕು ಎಂಬ ನಿಯಮವಿದೆ; 100 ಕೆವಿಎ ಯಂತ್ರಕ್ಕೆ ಕಟ್ಟಡದ ಮೇಲೆ 2 ಮೀಟರ್.

ಚಿಮಣಿಗೂ ಸೂತ್ರಗಳಿವೆ. ಗಂಟೆಗೆ ಹೊರಬೀಳುವ ಸಲ್ಫರ್ ಡೈಆಕ್ಸೈಡ್‌ನ ಕಿಲೋಗ್ರಾಂ ಸಂಖ್ಯೆಯನ್ನು 0.3ರ ಘಾತಕ್ಕೇರಿಸಿ 14ರಿಂದ ಗುಣಿಸುವುದು ಒಂದು. ಗಂಟೆಗೆ ಹೊರಬೀಳುವ ಕಣಗಳ ಟನ್ ಸಂಖ್ಯೆಯನ್ನು 0.27ರ ಘಾತಕ್ಕೇರಿಸಿ 74ರಿಂದ ಗುಣಿಸುವುದು ಇನ್ನೊಂದು. ನಮ್ಮ ಬಾಯ್ಲರ್‌ಗೆ ಎರಡನೆಯ ಸೂತ್ರ ಹತ್ತು ಮೀಟರಿಗೂ ಕಡಿಮೆ ಎತ್ತರ ಕೊಡುತ್ತದೆ. ಈ ಸೂತ್ರಗಳಲ್ಲಿ ಸುತ್ತಲಿನ ಗುಡ್ಡಕ್ಕೆ ಜಾಗವಿಲ್ಲ. ಮಾದರಿಯ ಅಗತ್ಯ ಹುಟ್ಟುವುದೇ ಇಲ್ಲಿಂದ.

ನೆಲದ ಕಡತ

ಕೊಡಗು ಪೂರ್ತಿಯಾಗಿ ಯುಟಿಎಂ ಎಂಬ ನಕ್ಷೆ ಪದ್ಧತಿಯ 43ನೇ ಉತ್ತರ ವಲಯದಲ್ಲಿ ಬರುತ್ತದೆ. ಚಿಮಣಿ, ಕಟ್ಟಡ, ಮನೆ, ನೆಲದ ಎತ್ತರ ಎಲ್ಲವನ್ನೂ ಅದೇ ವಲಯಕ್ಕೂ ಡಬ್ಲ್ಯುಜಿಎಸ್84 ಎಂಬ ನಿರ್ದೇಶಾಂಕ ಆಧಾರಕ್ಕೂ ತನ್ನಿ. ಹಳೆಯ ನಕ್ಷೆಯಿಂದ ತೆಗೆದ ನಿರ್ದೇಶಾಂಕವನ್ನು ಹೊಸದರ ಜೊತೆ ಬೆರೆಸಿದರೆ ಮನೆಯೊಂದು ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗಿ ಕುಳಿತುಬಿಡಬಹುದು.

ಎತ್ತರದ ಅಂಕಿಗೆ ಎಸ್‌ಆರ್‌ಟಿಎಂ ಎಂಬ ಬಾಹ್ಯಾಕಾಶ ರಾಡಾರ್ ಸಮೀಕ್ಷೆಯ 30 ಮೀಟರ್ ದತ್ತಾಂಶ ಅಥವಾ ಇಸ್ರೋದ ಭುವನ್ ತಾಣದ ಕಾರ್ಟೋಸ್ಯಾಟ್ ಉಪಗ್ರಹ ದತ್ತಾಂಶ ಉಚಿತವಾಗಿ ಸಿಗುತ್ತದೆ. ಎಸ್‌ಆರ್‌ಟಿಎಂನ ರಾಡಾರ್ ಕಂಡದ್ದು ಬಹುಮಟ್ಟಿಗೆ ಮರಗಳ ತಲೆಯನ್ನು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ನೆರಳಿನ ಮರಗಳು ತುಂಬಿದ ತೋಟದಲ್ಲಿ ನೆಲ ಇರುವುದಕ್ಕಿಂತ ಹಲವು ಮೀಟರ್ ಮೇಲೆ ತೋರುತ್ತದೆ, ಪಕ್ಕದ ಗದ್ದೆಯಲ್ಲಿ ಸರಿಯಾಗಿಯೇ ತೋರುತ್ತದೆ. ಹೀಗಾಗಿ ಗದ್ದೆಯ ಅಂಚು ಇಲ್ಲದ ಗೋಡೆಯಂತೆ ಎದ್ದು ನಿಲ್ಲುತ್ತದೆ. ಚಿಮಣಿಯ ಬುಡ ಮತ್ತು ಹತ್ತಿರದ ಹತ್ತಿಪ್ಪತ್ತು ಮನೆಗಳ ಎತ್ತರವನ್ನಾದರೂ ಜಾಗದಲ್ಲೇ ಅಳೆದು ತಿದ್ದಿಕೊಳ್ಳಿ.

ಸಾಂದ್ರತೆಯನ್ನು ಲೆಕ್ಕ ಹಾಕುವ ಬಿಂದುಗಳನ್ನು ಚೌಕಳಿಯಲ್ಲಿ ಹರಡುವುದು ವಾಡಿಕೆ: ಹತ್ತಿರದಲ್ಲಿ 50 ಅಥವಾ 100 ಮೀಟರಿಗೊಂದು, ದೂರದಲ್ಲಿ 250 ಮೀಟರಿಗೊಂದು. ಅದರ ಮೇಲೆ ಪ್ರತ್ಯೇಕ ಬಿಂದುಗಳಾಗಿ ಶಾಲೆ, ಅಂಗನವಾಡಿ, ಆಸ್ಪತ್ರೆ, ಐನ್‌ಮನೆ (ಕೊಡವ ಮನೆತನದ ಮೂಲಮನೆ), ದೇವರಕಾಡು, ಲೈನ್‌ಮನೆ ಎಲ್ಲವನ್ನೂ ಸೇರಿಸಿ. ಲೈನ್‌ಮನೆಗಳ ಬಗ್ಗೆ ಒತ್ತಿ ಹೇಳುತ್ತೇನೆ. ಕಾರ್ಮಿಕ ಕುಟುಂಬಗಳು ಮಕ್ಕಳೊಂದಿಗೆ ವರ್ಷವಿಡೀ ವಾಸಿಸುವ ಈ ಸಾಲುಮನೆಗಳು ತೋಟದ ಒಳಗೆ, ಮರಗಳ ಕೆಳಗೆ ಇರುವುದರಿಂದ ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ. ವರದಿಗಳ ‘ಸೂಕ್ಷ್ಮ ಸ್ಥಳಗಳ’ ಪಟ್ಟಿಯಲ್ಲಿ ಅವು ಇಲ್ಲದಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಜಿಪಿಎಸ್ ಹಿಡಿದು ನಡೆದು ಹೋಗಿ ಗುರುತು ಮಾಡುವುದೊಂದೇ ದಾರಿ.

ಹವೆಯ ಕಡತ

ಇಡೀ ಕೆಲಸದ ಅರ್ಧ ಸಮಯವನ್ನು ಇದಕ್ಕೆ ಇಡಿ. ಮಾದರಿಗೆ ಗಂಟೆ ಗಂಟೆಯ ಗಾಳಿಯ ವೇಗ, ದಿಕ್ಕು, ಉಷ್ಣತೆ, ಮೋಡದ ಪ್ರಮಾಣ ಬೇಕು. ಹವಾಮಾನ ಇಲಾಖೆಯ ಅನೇಕ ವೀಕ್ಷಣಾಲಯಗಳಲ್ಲಿ ಮನುಷ್ಯರು ಓದುವ ಅಂಕಿಗಳು ಬೆಳಿಗ್ಗೆ ಎಂಟೂವರೆ ಮತ್ತು ಸಂಜೆ ಐದೂವರೆಯವು. ಆರಂಭದಲ್ಲಿ ಹೇಳಿದ ಹೊಗೆಯ ಚಾಪೆ ಇರುವುದು ಆರೂವರೆಗೆ. ಆ ಎರಡು ಓದುಗಳ ನಡುವೆ ಅದು ಜಾರಿಹೋಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಘಟಕಗಳನ್ನು ಇಟ್ಟಿದೆ. ಅವುಗಳ ಅಂಕಿಯನ್ನು ಕೇಳಿ ಪಡೆಯಬಹುದು, ಆದರೆ ಬಳಸುವ ಮೊದಲು ಘಟಕ ನಿಂತಿರುವ ಜಾಗವನ್ನು ಕಣ್ಣಾರೆ ನೋಡಿ ಬನ್ನಿ. ಮರಗಳ ಮರೆಯಲ್ಲಿರುವ ಗಾಳಿಮಾಪಕ ಮಳೆಯ ಅಳತೆಗೆ ಜೊತೆಗಾರನಾಗಬಹುದೇ ಹೊರತು ಪ್ರಸರಣದ ಲೆಕ್ಕಕ್ಕೆ ಆಗದು. ಯೋಜನೆಯ ಜಾಗದಲ್ಲಿಯೇ 10 ಮೀಟರ್ ಕಂಬದ ಮೇಲೆ ಮಾಪಕವಿಟ್ಟು ಕನಿಷ್ಠ ಒಂದು ಋತು, ಸಾಧ್ಯವಾದರೆ ಒಂದು ವರ್ಷ ದಾಖಲಿಸುವುದಕ್ಕೆ ಸಮನಾದುದು ಬೇರೊಂದಿಲ್ಲ.

ಯಾವ ಋತು? ಪರಿಣಾಮ ಅಂದಾಜಿಗೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಅಂಕಿ ಸಾಕೆಂಬ ರೂಢಿ ಇದೆ. ಮಾರ್ಚ್‌ನಿಂದ ಮೇವರೆಗಿನ ಅಂಕಿ ಕೈಯಲ್ಲಿದೆ ಎಂದು ಅದನ್ನೇ ಹಾಕಿಬಿಡುವುದು ಈ ಜಿಲ್ಲೆಗೆ ನ್ಯಾಯವಲ್ಲ. ಆ ತಿಂಗಳುಗಳಲ್ಲಿ ಬಿಸಿಲು ಜೋರು, ಗಾಳಿ ಎತ್ತರದವರೆಗೆ ಕಲಸುತ್ತದೆ, ನಡುನಡುವೆ ಮಳೆ ಧೂಳನ್ನು ಕೂರಿಸುತ್ತದೆ. ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಕ್ಯೂರಿಂಗ್‌ಗೆ ಸಾಗಿಸುವ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲದಲ್ಲಿ ರಾತ್ರಿ ಆಕಾಶ ತಿಳಿಯಾಗಿರುತ್ತದೆ, ನೆಲ ಬೇಗ ತಣ್ಣಗಾಗುತ್ತದೆ, ಇಳಿಜಾರಿನ ತಂಪು ಗಾಳಿ ಗದ್ದೆಗೆ ಹರಿದು ಕೆರೆಯಂತೆ ನಿಲ್ಲುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ ಎಂಬ ಈ ಸ್ಥಿತಿಗೇ ಇನ್ವರ್ಷನ್ ಎನ್ನುವುದು. ಅತಿ ಹೆಚ್ಚು ಹೊಗೆ ಹುಟ್ಟುವ ಕಾಲವೂ ಅದು ಅತಿ ಕಡಿಮೆ ಚದುರುವ ಕಾಲವೂ ಇಲ್ಲಿ ಒಂದೇ ಆಗಿರುವುದರಿಂದ ಚಳಿಗಾಲವನ್ನು ಬಿಟ್ಟ ಅಧ್ಯಯನವನ್ನು ನಾನು ಅಪೂರ್ಣವೆಂದೇ ಎಣಿಸುತ್ತೇನೆ.

ಮೇಲಿನ ಪದರಗಳ ಉಷ್ಣತೆಗೆ ಬಲೂನು ಹಾರಿಸಿ ತೆಗೆದ ಅಂಕಿ ಬೇಕು. ಹತ್ತಿರದ ಕೇಂದ್ರಗಳು ಮಂಗಳೂರು ಮತ್ತು ಬೆಂಗಳೂರು; ಒಂದು ಸಮುದ್ರದ ದಡದಲ್ಲಿ, ಇನ್ನೊಂದು ಪ್ರಸ್ಥಭೂಮಿಯ ಮೇಲೆ, ಎರಡೂ ನಮ್ಮ ಕಣಿವೆಯನ್ನು ಕಂಡಿಲ್ಲ. ಹಾಗಾಗಿ ಡಬ್ಲ್ಯುಆರ್‌ಎಫ್‌ನಂಥ ಹವಾಮಾನ ಮಾದರಿಯಿಂದ ಆ ಜಾಗದ ಅಂಕಿಯನ್ನು ಹುಟ್ಟಿಸಿಕೊಳ್ಳುವುದು ಈಗ ಸಾಮಾನ್ಯವಾಗಿದೆ. ಅದರ ಚೌಕಳಿ ಹಲವು ಕಿಲೋಮೀಟರ್ ಅಗಲವಿದ್ದರೆ ಅರ್ಧ ಕಿಲೋಮೀಟರ್ ಅಗಲದ ಗದ್ದೆಬಯಲು ಅದರೊಳಗೆ ಮಾಯವಾಗುತ್ತದೆ ಎಂಬುದು ತಿಳಿದಿರಲಿ. ಜಾಗದ ಕಂಬದ ಅಂಕಿಯೊಂದಿಗೆ ಹೋಲಿಸದೆ ಅದನ್ನು ಒಪ್ಪಬೇಡಿ.

ಇನ್ನು ಗಡಿಯಾರ. ಕೆಲವು ವರ್ಷಗಳ ಹಿಂದೆ ಪರಿಶೀಲನೆಗೆಂದು ನನ್ನ ಕೈಗೆ ಬಂದ ಒಂದು ವರದಿಯಲ್ಲಿ ದಿನದ ಅತಿ ಜೋರು ಗಾಳಿ ಬೆಳಿಗ್ಗೆ ಒಂಬತ್ತೂವರೆಗೂ ಬೆಳಗಿನ ಜಾವದ ನಿಶ್ಚಲತೆ ಮಧ್ಯರಾತ್ರಿ ಕಳೆದ ಅರ್ಧ ಗಂಟೆಗೂ ಬಂದಿತ್ತು. ಹವೆಯ ಅಂಕಿಗಳು ಗ್ರೀನಿಚ್ ಸಮಯದಲ್ಲಿದ್ದವು. ಅವನ್ನು ಸಿದ್ಧಪಡಿಸಿದವರು ಭಾರತೀಯ ಕಾಲಮಾನವೆಂದು ಎಣಿಸಿ ಐದೂವರೆ ಗಂಟೆ ಸೇರಿಸುವುದನ್ನು ಬಿಟ್ಟಿದ್ದರು. ಸೂರ್ಯೋದಯವನ್ನು ಮಾದರಿ ಅಕ್ಷಾಂಶ ರೇಖಾಂಶಗಳಿಂದ ತಾನೇ ಲೆಕ್ಕ ಹಾಕಿಕೊಳ್ಳುವುದರಿಂದ ಬಿಸಿಲೊಂದು ಕಡೆ, ಗಾಳಿಯೊಂದು ಕಡೆ ಆಗಿತ್ತು. ಬೆಳಗಿನ ಸಾಂದ್ರತೆಗಳೆಲ್ಲ ಹಿತವಾಗಿ ಕಡಿಮೆ ಕಂಡಿದ್ದವು, ಯಾರಿಗೂ ಅನುಮಾನ ಬಂದಿರಲಿಲ್ಲ. ಅಂದಿನಿಂದ ಯಾವ ಕಡತ ಬಂದರೂ ಮೊದಲು ಒಂದು ತಿಂಗಳ ಸರಾಸರಿ ದಿನದ ಉಷ್ಣತೆ ಮತ್ತು ಗಾಳಿವೇಗದ ಗೆರೆಯನ್ನು ಎಳೆದು, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಶಿಖರ ಬರುತ್ತದೆಯೇ ಎಂದು ನೋಡುತ್ತೇನೆ. ಗಾಳಿಯ ದಿಕ್ಕಿನಲ್ಲೂ ಹೀಗೆಯೇ ಎಚ್ಚರ ಬೇಕು: 270 ಡಿಗ್ರಿ ಎಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವ ಗಾಳಿಯಲ್ಲ. ಯಾವ ದಿಕ್ಕಿನಿಂದ ಎಷ್ಟು ಹೊತ್ತು ಗಾಳಿ ಬಂತೆಂದು ಹೂವಿನ ದಳಗಳಂತೆ ತೋರಿಸುವ ಗಾಳಿನಕ್ಷೆಯಲ್ಲಿ, ಜುಲೈ ತಿಂಗಳಿಗೆ ಪಶ್ಚಿಮ ಮತ್ತು ನೈರುತ್ಯದ ದಳಗಳು ಉದ್ದವಾಗಿಲ್ಲದಿದ್ದರೆ ಏನೋ ತಿರುವುಮುರುವಾಗಿದೆ ಎಂದೇ ತಿಳಿಯಿರಿ.

ನೆಲದ ಒರಟುತನ, ಬಿಸಿಲನ್ನು ಹಿಂದಿರುಗಿಸುವ ಪ್ರಮಾಣ, ತೇವದ ಅನುಪಾತ ಎಂಬ ಮೂರು ಅಂಕಿಗಳನ್ನು ಅಮೆರಿಕದ ಕೋಷ್ಟಕಗಳಿಂದ ನಾಲ್ಕು ಋತುಗಳಿಗೆ ಎತ್ತಿ ಹಾಕುವುದು ಸಾಮಾನ್ಯ ಅಭ್ಯಾಸ. ಎಲೆ ಉದುರಿ ಹಿಮ ಬೀಳುವ ಚಳಿಗಾಲ ಇಲ್ಲಿಲ್ಲ. ನೆರಳಿನ ತೋಟ ವರ್ಷವಿಡೀ ಕಾಡಿನಷ್ಟೇ ಒರಟು, ಅಂದರೆ ಒಂದು ಮೀಟರಿನ ಆಸುಪಾಸು. ಕೊಯ್ಲಾದ ಗದ್ದೆ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ತಿಂಗಳುವಾರು ಅಂಕಿಗಳನ್ನು ಕೊಡಲು ಅವಕಾಶವಿದೆ. ಮಳೆಗಾಲದ ನಾಲ್ಕು ತಿಂಗಳನ್ನು ತೇವವೆಂದೂ ಜನವರಿಯಿಂದ ಮಾರ್ಚ್‌ವರೆಗಿನದನ್ನು ಒಣವೆಂದೂ ನೀವೇ ತುಂಬಿ, ಕಾರಣವನ್ನು ವರದಿಯಲ್ಲಿ ಬರೆಯಿರಿ.

ಒಂದು ಕೈಲೆಕ್ಕ

ಕಂಪ್ಯೂಟರ್ ಮುಟ್ಟುವ ಮೊದಲು ಹಾಳೆಯ ಮೇಲೆ ಲೆಕ್ಕ ಮಾಡಿ. ಹೊಗೆ ನಡುಗೆರೆಯಿಂದ ಅಂಚಿನ ಕಡೆಗೆ ಕ್ರಮೇಣ ತೆಳುವಾಗುತ್ತದೆ ಎಂದು ಎಣಿಸುವ ಗಾಸಿಯನ್ ಸೂತ್ರದ ಸರಳ ರೂಪ ಹೀಗಿದೆ: ಹೊಗೆಧಾರೆಯ ನಡುಗೆರೆಯ ಕೆಳಗೆ ನೆಲಮಟ್ಟದ ಸಾಂದ್ರತೆ ಬೇಕಾದರೆ, ಹೊರಸೂಸುವಿಕೆಯನ್ನು ಪೈ, ಗಾಳಿವೇಗ, ಅಡ್ಡ ಹರಡುವಿಕೆ, ಲಂಬ ಹರಡುವಿಕೆ ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿ, ಎತ್ತರದ ಘಾತೀಯ ಪದದಿಂದ ಗುಣಿಸಬೇಕು. ಆ ಪದದ ಘಾತವೆಂದರೆ ಧಾರೆಯ ಎತ್ತರದ ವರ್ಗವನ್ನು ಲಂಬ ಹರಡುವಿಕೆಯ ವರ್ಗದ ಎರಡರಷ್ಟರಿಂದ ಭಾಗಿಸಿ ಋಣ ಚಿಹ್ನೆ ಹಾಕಿದ್ದು. ಹರಡುವಿಕೆಯ ಅಂಕಿಗಳು ವಾತಾವರಣದ ಸ್ಥಿರತೆಯ ಮೇಲೆ ನಿಂತಿವೆ; ಪಾಸ್ಕ್ವಿಲ್ ಅವರ ವರ್ಗೀಕರಣದಲ್ಲಿ ‘ಎ’ ಎಂದರೆ ಬಿಸಿಲಿನ ಮಧ್ಯಾಹ್ನದ ಕಲಕಾಟ, ‘ಡಿ’ ಎಂದರೆ ಮೋಡ ಮುಚ್ಚಿದ ತಟಸ್ಥ ಸ್ಥಿತಿ, ‘ಎಫ್’ ಎಂದರೆ ತಿಳಿ ಆಕಾಶದ ನಿಶ್ಚಲ ರಾತ್ರಿ.

ನಮ್ಮ ಬಾಯ್ಲರ್‌ನಿಂದ ಒಂದು ಕಿಲೋಮೀಟರ್ ದೂರದಲ್ಲಿ, ‘ಡಿ’ ಸ್ಥಿತಿಯಲ್ಲಿ, ಗಾಳಿ ಸೆಕೆಂಡಿಗೆ 2 ಮೀಟರ್ ಇರಲಿ. ಬ್ರಿಗ್ಸ್ ಸೂತ್ರದಂತೆ ಹೊಗೆ ತನ್ನ ಬಿಸಿಯಿಂದ ಇನ್ನೂ 14 ಮೀಟರ್ ಏರುತ್ತದೆ. ಧಾರೆಯ ಎತ್ತರ 44 ಮೀಟರ್. ಗ್ರಾಮೀಣ ಪ್ರದೇಶದ ಸೂತ್ರದಿಂದ ಅಡ್ಡ ಹರಡುವಿಕೆ 76 ಮೀಟರ್, ಲಂಬ ಹರಡುವಿಕೆ 38 ಮೀಟರ್. ಉತ್ತರ ಘನ ಮೀಟರಿಗೆ ಸುಮಾರು 4.4 ಮೈಕ್ರೋಗ್ರಾಂ.

ಈಗ ಬೆಳಗಿನ ಜಾವದ ‘ಎಫ್’ ಸ್ಥಿತಿ: ಗಾಳಿ ಸೆಕೆಂಡಿಗೆ 1 ಮೀಟರ್, ಹೊಗೆಯ ಏರಿಕೆ 28 ಮೀಟರ್, ಧಾರೆಯ ಎತ್ತರ 58 ಮೀಟರ್. ಹರಡುವಿಕೆ ಅಡ್ಡಕ್ಕೆ 38 ಮೀಟರ್, ಲಂಬಕ್ಕೆ ಕೇವಲ 12 ಮೀಟರ್. ಸಮತಟ್ಟಾದ ನೆಲವೆಂದು ಎಣಿಸಿದರೆ ಎತ್ತರದ ಪದ ಉತ್ತರವನ್ನೆಲ್ಲ ನುಂಗಿಬಿಡುತ್ತದೆ. ಘನ ಮೀಟರಿಗೆ ಒಂದು ಮೈಕ್ರೋಗ್ರಾಂನ ನೂರನೆಯ ಒಂದು ಪಾಲೂ ಬರುವುದಿಲ್ಲ. ಬಯಲುಸೀಮೆಯ ಅಭ್ಯಾಸದವರು ಇದನ್ನು ನೋಡಿ ರಾತ್ರಿ ಹೊತ್ತು ತೊಂದರೆಯೇ ಇಲ್ಲ ಎಂದು ಬರೆದುಬಿಡುತ್ತಾರೆ.

ಆದರೆ ಅದೇ ಒಂದು ಕಿಲೋಮೀಟರ್ ದೂರದಲ್ಲಿ ನೆಲ 58 ಮೀಟರ್ ಏರಿದ್ದರೆ? ಕೊಡಗಿನಲ್ಲಿ ಇದು ಅಪರೂಪವಲ್ಲ. ಗದ್ದೆಯಿಂದ ತೋಟ, ತೋಟದಿಂದ ಮೇಲಿನ ಬಾಣೆ ಜಮೀನು ಎಂದು ಹತ್ತುವ ಯಾವ ಇಳಿಜಾರಾದರೂ ಅಷ್ಟು ಏರಿರುತ್ತದೆ. ಆಗ ಹೊಗೆಧಾರೆಯ ನಡುಗೆರೆಯೇ ಲೈನ್‌ಮನೆಯ ಬಾಗಿಲಿಗೆ ಬಂದು ತಾಗುತ್ತದೆ, ಎತ್ತರದ ಕಡಿತ ಇಲ್ಲವಾಗುತ್ತದೆ, ನೆಲದ ಪ್ರತಿಫಲನವನ್ನು ಸೇರಿಸದೆಯೇ ಸಾಂದ್ರತೆ ಸುಮಾರು 53 ಮೈಕ್ರೋಗ್ರಾಂ ಆಗುತ್ತದೆ. ಮೂಲ ಅದೇ, ಗಂಟೆ ಅದೇ, ದೂರ ಅದೇ. ನೆಲದ ಎತ್ತರವೊಂದು ಬದಲಾದದ್ದಕ್ಕೆ ಶೂನ್ಯ 53 ಆಯಿತು. ನಿಜವಾದ ಧಾರೆ ಸ್ವಲ್ಪ ಹೊಯ್ದಾಡುತ್ತದೆ, ಗುಡ್ಡವನ್ನು ಬಳಸಿ ಪಕ್ಕಕ್ಕೂ ಹೋಗುತ್ತದೆ, ಆದ್ದರಿಂದ 53 ಎಂಬುದನ್ನು ಮೇಲಿನ ಅಂಚೆಂದು ತಿಳಿಯಿರಿ. ಇನ್ನೊಂದು ಮಾತು: ಇದು ಒಂದು ಗಂಟೆಯ ಅಂಕಿ. ದಿನದಲ್ಲಿ ಮೂರು ಗಂಟೆ ಮಾತ್ರ ಹೀಗಿದ್ದು ಉಳಿದ ಹೊತ್ತು ಗಾಳಿ ಬೇರೆ ಕಡೆಗಿದ್ದರೆ 24 ಗಂಟೆಯ ಸರಾಸರಿ 6.6ಕ್ಕೆ ಇಳಿಯುತ್ತದೆ. ಹಿನ್ನೆಲೆ ಮಟ್ಟಕ್ಕೆ ಕೂಡಿಸಿ ಮಾನಕಕ್ಕೆ ಹೋಲಿಸಬೇಕಾದದ್ದು ಈ 6.6ನ್ನು. 53ನ್ನು ನೇರವಾಗಿ 100ರ ಪಕ್ಕದಲ್ಲಿಟ್ಟು ಹೆದರಿಸುವುದೂ ತಪ್ಪು, ಸಮತಟ್ಟು ನೆಲದ ಶೂನ್ಯವನ್ನು ತೋರಿಸಿ ಸಮಾಧಾನ ಹೇಳುವುದೂ ತಪ್ಪು.

ಮಾದರಿಯನ್ನು ಓಡಿಸುವುದು

ಏರ್‌ಮಾಡ್ ಎಂಬ ಮಾದರಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2005ರಲ್ಲಿ ಐಎಸ್‌ಸಿ3 ಎಂಬ ಹಳೆಯ ಮಾದರಿಯ ಜಾಗಕ್ಕೆ ತಂದಿತು. ನಮ್ಮಲ್ಲೂ ಇದೇ ಹೆಚ್ಚು ಬಳಕೆಯಲ್ಲಿದೆ. ಕಾರ್ಯಕ್ರಮ, ಮೂಲ ಸಂಕೇತ, ಕೈಪಿಡಿ ಮೂರೂ ಉಚಿತ. ದುಬಾರಿ ವಾಣಿಜ್ಯ ಹೊದಿಕೆ ಇಲ್ಲದೆಯೂ ಕಲಿಯಬಹುದು. ಅದರ ಜೊತೆಗಾರ ಕಾರ್ಯಕ್ರಮಗಳಲ್ಲಿ ಏರ್‌ಮೆಟ್ ಹವೆಯನ್ನು ಸಿದ್ಧಪಡಿಸುತ್ತದೆ, ಏರ್‌ಮ್ಯಾಪ್ ನೆಲವನ್ನು. ಸೂಚನಾ ಕಡತದಲ್ಲಿ ಐದು ಭಾಗಗಳಿರುತ್ತವೆ: ನಿಯಂತ್ರಣ, ಮೂಲ, ಬಿಂದುಗಳು, ಹವೆ, ಫಲಿತಾಂಶ. ಕಲಿಯುವವರು ಮೊದಲ ಕೆಲವು ಬಾರಿ ಈ ಕಡತವನ್ನು ಸಾಲು ಸಾಲಾಗಿ ಕೈಯಿಂದಲೇ ಬರೆಯಬೇಕು ಎಂಬುದು ನನ್ನ ಹಠ. ಗುಂಡಿ ಒತ್ತಿ ಕಲಿತವರಿಗೆ ಯಾವ ಊಹೆ ಎಲ್ಲಿ ಅಡಗಿದೆ ಎಂಬುದು ತಿಳಿಯುವುದಿಲ್ಲ.

ಸ್ಥಿರ ಗಾಳಿಯಲ್ಲಿ ಹೊಗೆ ಗುಡ್ಡವನ್ನು ಹತ್ತಿ ದಾಟುವ ಸ್ಥಿತಿ ಮತ್ತು ನೇರವಾಗಿ ಹೋಗಿ ತಾಗುವ ಸ್ಥಿತಿ ಇವೆರಡನ್ನೂ ತೂಗಿ ಏರ್‌ಮಾಡ್ ಉತ್ತರ ಕೊಡುತ್ತದೆ. ಅದಕ್ಕಾಗಿ ಏರ್‌ಮ್ಯಾಪ್‌ಗೆ ಕೊಡುವ ನಕ್ಷೆ ಬಿಂದುಗಳ ಚೌಕಳಿಗಿಂತ ದೊಡ್ಡದಾಗಿರಬೇಕು; ಪ್ರತಿ ಬಿಂದುವಿನಿಂದ ಶೇ. 10ರ ಏರಿನ ಮೇಲೆ ನಿಲ್ಲುವ ಬೆಟ್ಟಗಳೆಲ್ಲ ಅದರೊಳಗೆ ಬರಬೇಕು. ಚಿಮಣಿಯ ಪಕ್ಕದಲ್ಲಿ ಗೋದಾಮು ಇದ್ದರೆ ಅದರ ಅಳತೆಯನ್ನೂ ಕೊಡಿ. ಕಟ್ಟಡದ ಎತ್ತರಕ್ಕೆ, ಅದರ ಎತ್ತರ ಮತ್ತು ಅಗಲಗಳಲ್ಲಿ ಕಡಿಮೆಯಾದುದರ ಒಂದೂವರೆ ಪಟ್ಟನ್ನು ಕೂಡಿಸಿದಷ್ಟು ಎತ್ತರ ಚಿಮಣಿಗಿಲ್ಲದಿದ್ದರೆ, ಗೋದಾಮಿನ ಹಿಂದಿನ ಸುಳಿ ಹೊಗೆಯನ್ನು ಕೆಳಗೆಳೆಯುತ್ತದೆ.

ಮಿತಿಯೂ ಗೊತ್ತಿರಲಿ. ಒಂದು ಗಂಟೆಯೊಳಗೆ ಗಾಳಿ ಬದಲಾಗದೆ ನೇರವಾಗಿ ಹೋಗುತ್ತದೆ ಎಂದು ಈ ಮಾದರಿ ನಂಬುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೊಗೆ ಗಂಟೆಗೆ 3.6 ಕಿಲೋಮೀಟರ್ ಮಾತ್ರ ಸಾಗುತ್ತದೆ, ಅಷ್ಟರಲ್ಲಿ ನಮ್ಮ ಕಣಿವೆ ಎರಡು ಸಲ ತಿರುಗಿರುತ್ತದೆ. ಪೂರ್ತಿ ನಿಶ್ಚಲವೆಂದು ದಾಖಲಾದ ಗಂಟೆಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಚಳಿಗಾಲದ ಕಡತದಲ್ಲಿ ಎಷ್ಟು ಗಂಟೆಗಳು ಹೀಗೆ ಬಿಟ್ಟುಹೋದವು ಎಂಬುದನ್ನು ವರದಿಯಲ್ಲಿ ಹೇಳಲೇಬೇಕು. ಅವು ಹೆಚ್ಚಾಗಿದ್ದರೆ ಹೊಗೆಯನ್ನು ಉಂಡೆ ಉಂಡೆಯಾಗಿ ಹಿಂಬಾಲಿಸುವ ಕ್ಯಾಲ್‌ಪಫ್‌ನಂಥ ಮಾದರಿಯಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿ ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ.

ಫಲಿತಾಂಶವನ್ನು ಓದುವುದು

ಮಾದರಿ ಕೊಡುವುದು ಯೋಜನೆಯಿಂದ ಆಗುವ ಹೆಚ್ಚಳವನ್ನು ಮಾತ್ರ. ಜಾಗದಲ್ಲಿ ಅಳೆದ ಹಿನ್ನೆಲೆ ಮಟ್ಟಕ್ಕೆ ಅದನ್ನು ಕೂಡಿಸಿ ಮಾನಕಕ್ಕೆ ಹೋಲಿಸಬೇಕು. ಹಿನ್ನೆಲೆಯನ್ನು ಅಳೆದ ಜಾಗ ಹೆದ್ದಾರಿಯ ಬದಿಯೋ ತೋಟದ ಒಳಗೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಎರಡರ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಹಿಂದೆ ಹೇಳಿದ ಶೇ. 98ರ ಷರತ್ತಿಗೆ ವರ್ಷದ ಎಲ್ಲ ದಿನಗಳ ಸರಾಸರಿಗಳು ಬೇಕು. ಮಾದರಿಗೆ ಒಂದೇ ಋತುವಿನ ಹವೆ ಕೊಟ್ಟವರು ಈ ಷರತ್ತನ್ನು ಪರೀಕ್ಷಿಸಿದ್ದೇವೆ ಎಂದು ಹೇಳಿಕೊಳ್ಳುವಂತಿಲ್ಲ.

ಅತಿ ಹೆಚ್ಚಿನ ಮೌಲ್ಯ ಬಂದ ಹತ್ತು ದಿನಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಆ ದಿನದ ಗಂಟೆಗಂಟೆಯ ಹವೆಯನ್ನು ತೆರೆದು ನೋಡಿ. ಅವೆಲ್ಲ ಜನವರಿಯ ತಿಳಿ ರಾತ್ರಿಗಳಾಗಿದ್ದು, ಬಿಂದುಗಳು ಇಳಿಜಾರಿನ ಮೇಲಿದ್ದರೆ ಲೆಕ್ಕ ನಂಬುವಂತಿದೆ. ಜುಲೈನ ಜಡಿಮಳೆಯ ಮಧ್ಯಾಹ್ನವೊಂದು ಪಟ್ಟಿಯ ತಲೆಯಲ್ಲಿ ಬಂದಿದ್ದರೆ ಹವೆಯ ಕಡತಕ್ಕೆ ಹಿಂತಿರುಗಿ. ಒಳ್ಳೆಯ ಮಾದರಿಯೂ ಅಳತೆಯ ಅರ್ಧದಿಂದ ಎರಡು ಪಟ್ಟಿನ ಒಳಗೆ ಬಂದರೆ ಅದನ್ನು ಸಾಧನೆಯೆಂದೇ ಈ ಕ್ಷೇತ್ರದಲ್ಲಿ ಎಣಿಸುತ್ತಾರೆ, ಹೀಗಿರುವಾಗ 37.482 ಮೈಕ್ರೋಗ್ರಾಂ ಎಂದು ದಶಮಾಂಶದ ಮೂರು ಸ್ಥಾನ ಬರೆಯುವುದು ಓದುಗರಿಗೆ ಇಲ್ಲದ ಭರವಸೆ ಕೊಟ್ಟಂತೆ. 37 ಎಂದರೆ ಸಾಕು.

ಸಾರ್ವಜನಿಕ ಅಹವಾಲು ಸಭೆಗೆ ಬರುವವರಿಗೆ ಸಮಾನ ಸಾಂದ್ರತೆಯ ಜಾಗಗಳನ್ನು ಜೋಡಿಸುವ ಸಮರೇಖೆಗಳ ನಕ್ಷೆ ಅರ್ಥವಾಗಬೇಕಾದರೆ ಅದರ ಮೇಲೆ ಊರಿನ ಹೆಸರು, ಗದ್ದೆ, ಹೊಳೆ, ಶಾಲೆ, ಲೈನ್‌ಮನೆ ಕನ್ನಡದಲ್ಲಿ ಇರಬೇಕು. ‘ಗ್ರಾಹಿ ಬಿಂದು 214’ ಎಂದರೆ ಯಾರಿಗೂ ತನ್ನ ಮನೆ ಕಾಣುವುದಿಲ್ಲ.

ಕಲಿಕೆಯ ದಾರಿ

ಪರಿಣಾಮ ಅಂದಾಜು ವರದಿ ಬರೆಯುವ ಸಂಸ್ಥೆಗಳಿಗೆ ಭಾರತೀಯ ಗುಣಮಟ್ಟ ಪರಿಷತ್ತಿನ ನ್ಯಾಬೆಟ್ ಮಾನ್ಯತೆ ಬೇಕು. ಅದರಲ್ಲಿ ಹವಾಮಾನ, ವಾಯು ಗುಣಮಟ್ಟದ ಮಾದರಿ ಮತ್ತು ಮುನ್ನಂದಾಜು ಎಂಬುದು ಪ್ರತ್ಯೇಕ ತಜ್ಞತೆಯ ವಿಭಾಗವೇ ಆಗಿದೆ. ಆ ದಾರಿಯಲ್ಲಿ ಹೋಗಬಯಸುವವರು ಮೊದಲ ತಿಂಗಳು ಮೇಲಿನ ಕೈಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಕಟ್ಟಿ, ಸ್ಥಿರತೆ, ಗಾಳಿವೇಗ, ನೆಲದ ಎತ್ತರಗಳನ್ನು ಒಂದೊಂದಾಗಿ ಬದಲಿಸಿ ಉತ್ತರ ಹೇಗೆ ಕುಣಿಯುತ್ತದೆ ಎಂಬುದನ್ನು ನೋಡಲಿ. ಆಮೇಲೆ ಅದೇ ಮೂಲವನ್ನು ಏರ್‌ಮಾಡ್‌ನಲ್ಲಿ ಸಮತಟ್ಟು ನೆಲದೊಂದಿಗೆ ಒಮ್ಮೆ, ಗುಡ್ಡಗಳೊಂದಿಗೆ ಒಮ್ಮೆ ಓಡಿಸಿ, ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಎಲ್ಲಿ ಏಕೆ ಬೇರೆಯಾಯಿತು ಎಂದು ಒಂದು ಪುಟ ಬರೆಯಲಿ.

ಕೊನೆಯ ಪಾಠ ಕಚೇರಿಯ ಹೊರಗಿನದು. ಜನವರಿಯ ಒಂದು ಬೆಳಿಗ್ಗೆ ಐದೂವರೆಗೆ ಯೋಜನೆಯ ಜಾಗಕ್ಕೆ ಹೋಗಿ, ಎದುರಿನ ಇಳಿಜಾರಿನಲ್ಲಿ ನಿಂತು, ಹತ್ತು ಗಂಟೆಯವರೆಗೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಹೊಗೆ ಯಾವ ಎತ್ತರದಲ್ಲಿ ನಿಂತಿದೆ, ಯಾವ ಕಡೆಗೆ ಹರಿಯುತ್ತಿದೆ, ಯಾವಾಗ ಒಡೆಯಿತು ಎಂದು ಚಿತ್ರ ತೆಗೆದು ಬರೆದಿಡಿ. ಆ ಚಿತ್ರಗಳನ್ನು ಅದೇ ಬೆಳಗಿನ ಮಾದರಿಯ ಉತ್ತರದೊಂದಿಗೆ ಜೋಡಿಸಿ ವರದಿಯ ಅನುಬಂಧದಲ್ಲಿ ಹಾಕಿ. ಎರಡೂ ಹೊಂದದಿದ್ದರೆ ಹೊಂದದಿರುವುದನ್ನೂ ಅಲ್ಲೇ ಬರೆಯಿರಿ.